ಮೈಸೂರು ಅರಮನೆಯ ಗಾಜಿನ ಸೂರು, ನಮ್ಮ ಗಣಿ ಊರು

ಮೈಸೂರಿಗೆ ಹೋಗಿ ಬಂದ ಮೇಲೆ ಎಲ್ರೂ ಕೇಳ್ತಾ ಅವ್ರೆ, ಏನೇನ್ ನೋಡಿದ್ರಿ, ಎಷ್ಟು ಖರ್ಚಾಯ್ತು, ಟೆಂಟಲ್ಲಿ ನಿದ್ದೆ ಬಂತಾ ಅಂತ. ಫೋಟೊಗಳ್ನ ಆಗ್ಲೇ ಕಳಿಸಿದ್ದೀನಿ. ಈ ಸಲ ಅಡುಗೆ ವಿಷ್ಯ ಬಿಟ್ಟು ಸ್ವಲ್ಪ ಚರಿತ್ರೆ ಬರೀತೀನಿ. ನಾನು ಓದಿದ್ದು ಪಿ.ಯು.ಸಿ. ತನಕ ಮಾತ್ರ, ಆದ್ರೆ ಚರಿತ್ರೆ ಪಾಠ ಅಂದ್ರೆ ಆವಾಗ್ಲಿಂದ ಇಷ್ಟ. ಅರಮನೆ ಒಳಗಿನ ಬಣ್ಣಬಣ್ಣದ ಗಾಜಿನ ಸೂರಿನ ಫೋಟೊ ನೋಡಿದ್ರಲ್ಲ, ಅದಕ್ಕೂ ನಮ್ಮ ಕೆ.ಜಿ.ಎಫ್.ಗೂ ನಂಟು ಐತೆ. ಅದನ್ನ ಹೇಳೋಕೇ ಇಷ್ಟುದ್ದ ಬರೀತಿರೋದು. ಒಲೆ ಮೇಲೆ ಏನಾದ್ರೂ ಇಟ್ಟಿದ್ರೆ ಉರಿ ಸಣ್ಣ ಮಾಡಿ ಬಂದು ಕೂತ್ಕೊಳ್ರಮ್ಮ.

ಮೊದ್ಲು ಪ್ರಯಾಣದ್ದು ಎರಡು ಮಾತಲ್ಲಿ ಮುಗಿಸ್ತೀನಿ. ಒಂದು ಟೆಂಪೊ ಟ್ರಾವೆಲರ್, ಹನ್ನೊಂದು ಜನ, ಮೂರು ದಿನ. ಲಾಡ್ಜು ಬೇಡ, ಹೋಟ್ಲೂ ಬೇಡ ಅಂತ ಹೊರಡೋಕೆ ಮುಂಚೆನೇ ಮಾತಾಗಿತ್ತು. ಚಿಕ್ಕ ಸಿಲಿಂಡರು, ಒಂದು ಒಲೆ, ದೊಡ್ಡ ಕುಕ್ಕರು, ರಾಗಿಹಿಟ್ಟು, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದ ಕಡ್ಲೆಬೀಜ, ಎರಡು ಜಮಖಾನ. ನಮ್ಮ ಓರಗಿತ್ತಿ ಮಗ ಗೆಳೆಯರ ಹತ್ರ ಎರಡು ಟೆಂಟ್ ಇಸ್ಕೊಂಡು ಬಂದಿದ್ದ. ಒಂದು ರಾತ್ರಿ ಮೈಸೂರಲ್ಲಿ ಛತ್ರ, ಇನ್ನೊಂದು ರಾತ್ರಿ ಮಳವಳ್ಳಿ ಹತ್ರ ಗೊತ್ತಿರೋರ ತೆಂಗಿನ ತೋಟದಲ್ಲಿ ಟೆಂಟು. ಬಂಗಾರಪೇಟೆ, ಕೋಲಾರ, ಬೆಂಗಳೂರು, ಮೈಸೂರು, ವಾಪಸ್ ಬರ್ತಾ ಶಿವನಸಮುದ್ರ, ಕನಕಪುರ. ಇದೇ ನಮ್ಮ ದಾರಿ.

ಹೋಗ್ತಾ ಬೆಂಗಳೂರಲ್ಲಿ ಮಕ್ಕಳು ಲಾಲ್‌ಬಾಗಿಗೆ ಹೋಗ್ಲೇಬೇಕು ಅಂದ್ರು. ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ಫಲಪುಷ್ಪ ಪ್ರದರ್ಶನ ಮಾಡ್ತಾರಲ್ಲ, ಆ ಗಾಜಿನ ಮನೆ. ನಾವು ಹೋಗಿದ್ದು ಖಾಲಿ ಇರೋ ದಿನ, ಹಂಗಾಗಿ ಹೂವಿನ ಕಡೆ ನೋಡೋ ಬದಲು ಕಟ್ಟಡನೇ ನೋಡಿದ್ವಿ. ಅದಕ್ಕೆ ಅಡಿಗಲ್ಲು ಹಾಕಿದ್ದು 1889ರ ನವೆಂಬರ್ 30ಕ್ಕೆ, ವಿಕ್ಟೋರಿಯಾ ರಾಣಿ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಬಂದಿದ್ದಾಗ. ಲಂಡನ್ನಲ್ಲಿ 1851ರಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಅಂತ ಒಂದು ಭಾರಿ ಗಾಜಿನ ಕಟ್ಟಡ ಕಟ್ಟಿದ್ರು, ಅದರ ಮಾದರಿ ನೋಡಿ ಇದನ್ನ ಮಾಡಿದ್ದು. ಲಂಡನ್ನಿಂದು 1936ರಲ್ಲಿ ಸುಟ್ಟು ಹೋಯ್ತು. ನಮ್ಮದು ಇವತ್ತಿಗೂ ನಿಂತೈತೆ. ಇದರ ಎರಕದ ಕಬ್ಬಿಣ ಎಲ್ಲಾ ಬಂದಿದ್ದು ಸ್ಕಾಟ್ಲೆಂಡ್ ದೇಶದ ಗ್ಲಾಸ್ಗೋ ಊರಿನ ಮ್ಯಾಕ್‌ಫರ್ಲೇನ್ ಕಾರ್ಖಾನೆಯಿಂದ. ಈ ಹೆಸರು ನೆನಪಲ್ಲಿರ್ಲಿ, ಅರಮನೆಗೆ ಹೋದಾಗ ಮತ್ತೆ ಬರತ್ತೆ.

ಈಗ ಅರಮನೆಗೆ ಬರೋಣ. ನಾವು ಸಣ್ಣವರಿದ್ದಾಗ ಸ್ಕೂಲಿಂದ ಕರ್ಕೊಂಡು ಹೋಗ್ತಿದ್ರು, ಆದ್ರೆ ಆವಾಗ ನೆನಪಲ್ಲಿ ಉಳಿದಿದ್ದು ಆನೆ ಮತ್ತೆ ಸಾಲಲ್ಲಿ ನಿಂತು ಕಾಲು ನೋಯಿಸ್ಕೊಂಡಿದ್ದು ಅಷ್ಟೇ. ಈಗಿರೋ ಅರಮನೆ ತುಂಬಾ ಹಳೇದೇನಲ್ಲ. ಮುಂಚೆ ಅಲ್ಲಿ ಮರದ ಅರಮನೆ ಇತ್ತು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿ ಅವರ ಮದುವೆ ಹೊತ್ತಲ್ಲೇ ಬೆಂಕಿ ಬಿದ್ದು ಸುಟ್ಟು ಹೋಯ್ತು. ಆವಾಗ ರಾಜ್ಯ ನೋಡ್ಕೊಳ್ತಾ ಇದ್ದಿದ್ದು ಮಹಾರಾಜರಲ್ಲ, ಅವರ ತಾಯಿ. ಚಾಮರಾಜೇಂದ್ರ ಒಡೆಯರ್ 1894ರ ಡಿಸೆಂಬರಲ್ಲಿ ಕಲ್ಕತ್ತಾದಲ್ಲಿ ತೀರ್ಕೊಂಡ್ರು. ಮಗ ಕೃಷ್ಣರಾಜ ಒಡೆಯರಿಗೆ ಆವಾಗ ಹತ್ತೇ ವರ್ಷ. ಹಂಗಾಗಿ ಮಹಾರಾಣಿ ಕೆಂಪನಂಜಮ್ಮಣ್ಣಿ ಅವರು 1902ರ ತನಕ ಮಗನ ಪರವಾಗಿ ರಾಜ್ಯಭಾರ ಮಾಡಿದ್ರು. ವಾಣಿವಿಲಾಸ ಸನ್ನಿಧಾನ ಅಂತಾರಲ್ಲ, ಅವರೇ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ಹೆಸರು ನಮಗೆಲ್ಲ ಗೊತ್ತು, ಹೆರಿಗೆಗೆ ಹೋದೋರು ನಮ್ಮಲ್ಲೇ ಎಷ್ಟು ಜನ ಇದ್ದೀರಿ.

ಮೂವತ್ತು ವರ್ಷದ ಆಸುಪಾಸಿನ ಹೆಣ್ಣುಮಗಳು, ಗಂಡ ಹೋಗಿ ಎರಡು ವರ್ಷ ಆಗಿತ್ತು, ಮಗಳ ಮದುವೆ ಮನೆಗೇ ಬೆಂಕಿ. ಅಂಥಾದ್ರಲ್ಲಿ ಧೈರ್ಯ ತಗೊಂಡು ಹೊಸ ಅರಮನೆ ಕಟ್ಟಿಸೋಕೆ ಹೆನ್ರಿ ಇರ್ವಿನ್ ಅನ್ನೋ ಎಂಜಿನಿಯರಿಗೆ ಒಪ್ಪಿಸಿದ್ರು. ಸಿಮ್ಲಾದಲ್ಲಿ ವೈಸರಾಯ್ ಬಂಗ್ಲೆ ಕಟ್ಟಿಸಿದ್ದೂ ಅದೇ ಇರ್ವಿನ್. ಕೆಲ್ಸ ಮುಗ್ದಿದ್ದು 1912ಕ್ಕೆ, ಖರ್ಚಾಗಿದ್ದು 41,47,913 ರೂಪಾಯಿ. ಒಂದು ಸಲ ಸುಟ್ಟು ಹೋದ ಮೇಲೆ ಮತ್ತೆ ಮರ ನಂಬ್ತಾರಾ? ಈ ಸಲ ಕಲ್ಲು, ಇಟ್ಟಿಗೆ, ಕಬ್ಬಿಣ, ಗಾಜು.

ಆ ಗಾಜು ಕಣ್ತುಂಬ ನೋಡ್ಬೇಕಂದ್ರೆ ಕಲ್ಯಾಣ ಮಂಟಪದಲ್ಲಿ ನಿಲ್ಬೇಕು. ಎಂಟು ಮೂಲೆಯ ದೊಡ್ಡ ಹಜಾರ. ಎತ್ತರದ ಎರಕದ ಕಬ್ಬಿಣದ ಕಂಬಗಳು. ಮೇಲೆ ಗುಮ್ಮಟದ ಥರ ಸೂರು, ಪೂರ್ತಿ ಬಣ್ಣದ ಗಾಜು. ನೀಲಿ, ಹಸಿರು, ಹಳದಿ, ಕೆಂಪು, ಅದ್ರಲ್ಲಿ ನವಿಲು, ಹೂವು, ಮಂಡಲದ ಸುತ್ತು. ಕೆಳಗೆ ನೆಲದ ಟೈಲ್ಸಲ್ಲೂ ನವಿಲು. ಕಂಬ, ಗಾಜು ಎರಡೂ ಬಂದಿದ್ದು ಅದೇ ಗ್ಲಾಸ್ಗೋ ಊರಿಂದ. ಲಾಲ್‌ಬಾಗಲ್ಲಿ ಕಂಡ ಕಬ್ಬಿಣದ ಅಕ್ಕತಂಗೀರು ಇಲ್ಲಿ ಸಿಂಗಾರ ಮಾಡ್ಕೊಂಡು ನಿಂತವ್ರೆ ಅನ್ನಿಸ್ತು. ಸುತ್ತ ಗೋಡೆ ಮೇಲೆ ದಸರಾ ಮೆರವಣಿಗೆ ಚಿತ್ರಗಳು. ಜನ ಎಲ್ಲಾ ಅದನ್ನ ನೋಡ್ಕೊಂಡು ಮುಂದೆ ಹೋಗ್ತಾರೆ. ನಾನು ಮಾತ್ರ ಕತ್ತು ಹಿಡ್ಕೊಳ್ಳೋ ತನಕ ಮೇಲೆ ನೋಡ್ದೆ.

ಈ ಥರ ಗಾಜಿನ ಕೆಲ್ಸ ಹೆಂಗ್ ಮಾಡ್ತಾರೆ ಅಂತ ನೀವು ಕೇಳ್ಬೋದು. ನಮ್ಮ ರಂಗೋಲಿಗೆ ಬಣ್ಣ ತುಂಬಿದ ಹಂಗೆ ಮೇಲೆ ಬಳಿಯೋದಲ್ಲ. ಗಾಜು ಕುದಿಯೋವಾಗ್ಲೇ ಬಣ್ಣ ಅದ್ರೊಳಗೆ ಸೇರಿರತ್ತೆ. ಮೊದ್ಲು ದೊಡ್ಡ ಕಾಗದದ ಮೇಲೆ ಚಿತ್ರ ಬರ್ಕೊಂಡು, ಯಾವ ಜಾಗಕ್ಕೆ ಯಾವ ಬಣ್ಣ ಅಂತ ಗುರ್ತು ಮಾಡ್ಕೊಂಡು, ಬಣ್ಣದ ಗಾಜಿನ ಹಾಳೆಯಿಂದ ಒಂದೊಂದು ತುಂಡೂ ಕತ್ತರಿಸ್ತಾರೆ. ಆಮೇಲೆ ಎರಡು ತುಂಡು ನಡುವೆ ಸೀಸದ ಪಟ್ಟಿ ಇಟ್ಟು ಬೆಸುಗೆ ಹಾಕ್ತಾರೆ. ಕೌದಿ ಹೊಲಿಯೋರಿಗೆ ಇದು ಬೇಗ ಅರ್ಥ ಆಗತ್ತೆ. ತುಂಡು ಬಟ್ಟೆ ಇದ್ದಂಗೆ ತುಂಡು ಗಾಜು, ದಾರ ಇದ್ದಂಗೆ ಸೀಸ. ಕಣ್ಣು, ರೆಕ್ಕೆಯ ಗೀಟು ಥರ ಸಣ್ಣ ವಿವರ ಬೇಕಂದ್ರೆ ಮಾತ್ರ ಕುಂಚದಲ್ಲಿ ಬರೆದು ಮತ್ತೆ ಗೂಡಲ್ಲಿ ಸುಡ್ತಾರೆ, ಆವಾಗ ಅದು ಅಳಿಸೋದಿಲ್ಲ.

ಬಣ್ಣ ಕೊಡೋದು ಹೆಚ್ಚಾಗಿ ಲೋಹ. ಕೋಬಾಲ್ಟ್ ಹಾಕಿದ್ರೆ ನೀಲಿ, ಮ್ಯಾಂಗನೀಸ್ ಹಾಕಿದ್ರೆ ನೇರಳೆ, ಬೆಳ್ಳಿಯಿಂದ ಹಳದಿ, ತಾಮ್ರದಿಂದ ಹಸಿರೂ ಬರತ್ತೆ, ಬೇರೆ ಥರ ಸುಟ್ರೆ ಕೆಂಪೂ ಬರತ್ತೆ. ಹಳೇ ಬಾಟ್ಲಿಗಳು ಹಸಿರಾಗಿರೋದು ಮರಳಲ್ಲಿರೋ ಕಬ್ಬಿಣದಿಂದ. ಇನ್ನೊಂದು ಕೇಳಿದ್ರೆ ನಿಮಗೆ ಆಶ್ಚರ್ಯ ಆಗತ್ತೆ. ಗಾಜಿಗೆ ಬಂಗಾರ ಬೆರೆಸಿದ್ರೆ ಅದು ಬಂಗಾರದ ಬಣ್ಣಕ್ಕೆ ತಿರುಗೋದಿಲ್ಲ, ಮಾಣಿಕ್ಯದ ಹಂಗೆ ಕೆಂಪಾಗತ್ತೆ! ಸಾವಿರಾರು ಭಾಗ ಗಾಜಿಗೆ ಒಂದೇ ಒಂದು ಭಾಗ ಬಂಗಾರ ಸಾಕು. ಬಂಗಾರದ ಕಣ ಕಣ್ಣಿಗೆ ಕಾಣದಷ್ಟು ಸಣ್ಣಗಾದಾಗ ಬೆಳಕು ಅದ್ರಲ್ಲಿ ಹಾಯೋ ರೀತಿನೇ ಬೇರೆ ಆಗತ್ತೆ. ಇದನ್ನ 1857ರಲ್ಲಿ ಮೈಕೆಲ್ ಫ್ಯಾರಡೆ ಅನ್ನೋ ವಿಜ್ಞಾನಿ ತಿಳಿಸಿ ಹೇಳಿದ್ದ. ಕರೆಂಟಿನ ಪಾಠದಲ್ಲಿ ಬರೋ ಫ್ಯಾರಡೆನೇ. ರೋಮನ್ನರು ಅದಕ್ಕೂ ಸಾವಿರದೈನೂರು ವರ್ಷ ಮುಂಚೆ ಬಂಗಾರ, ಬೆಳ್ಳಿ ಬೆರೆಸಿ ಮಾಡಿದ್ದ ಒಂದು ಗಾಜಿನ ಬಟ್ಟಲು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಲ್ಲಿ ಐತೆ. ಹೊರಗಿಂದ ಬೆಳಕು ಬಿದ್ರೆ ಹಸಿರು, ಒಳಗೆ ದೀಪ ಇಟ್ರೆ ಕೆಂಪು.

ನಾನು ಇದನ್ನೆಲ್ಲ ನಾದಿನಿ ಮಗಳಿಗೆ ಹೇಳ್ತಾ ಇದ್ದೆ. ಆವಾಗ ಪಕ್ಕದಲ್ಲಿ ನಿಂತಿದ್ದ ಒಬ್ಬ ಹೆಂಗಸು ಮಾತಿಗೆ ಬಂದ್ರು. ಯಾವೂರಮ್ಮ ನಿಮ್ದು ಅಂದ್ರು. ಬಂಗಾರಪೇಟೆ, ಕೆ.ಜಿ.ಎಫ್. ಪಕ್ಕ ಅಂದೆ. “ಓ, ಆ ಸಿನಿಮಾದ್ದಾ! ಈಗ ಅಲ್ಲೇನೈತಮ್ಮ ನೋಡೋಕೆ, ಎಲ್ಲಾ ಹಾಳುಬಿದ್ದೈತಂತಲ್ಲ” ಅಂದ್ರು. ಕೆಟ್ಟ ಮನಸ್ಸಿಂದ ಹೇಳಿದ್ದಲ್ಲ. ಆದ್ರೆ ನಮ್ಮ ಹುಡುಗಿ ಮುಖ ಸಣ್ಣಗಾಯ್ತು. ಇವಳು ದಿನಾ ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಓದೋಕೆ ಹೋಗೋಳು. ಆಮೇಲೆ ಹೊರಗೆ ಬಂದು ಚಪ್ಪಲಿ ಹಾಕ್ಕೊಳ್ತಾ ಅಂದ್ಲು, “ಅತ್ತೆ, ಕಾಲೇಜಲ್ಲಿ ನಾನು ಕೋಲಾರ ಅಂತ ಹೇಳ್ಬಿಡ್ತೀನಿ. ಕೆ.ಜಿ.ಎಫ್. ಅಂದ್ರೆ ಸಿನಿಮಾ ಡೈಲಾಗ್ ಹೊಡೀತಾರೆ, ಇಲ್ಲಾಂದ್ರೆ ಅಯ್ಯೋ ಪಾಪ ಅಂತಾರೆ.” ಈ ಮಾತು ನನಗೆ ನಾಟ್ತು. ಅಲ್ಲೇ ಮರದ ನೆರಳಲ್ಲಿ ಕೂತು ಮೊಸರನ್ನ ತಿನ್ನೋವಾಗ ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ.

ಅರಮನೆ ಕಟ್ಟೋ ಕಾಲದಲ್ಲಿ ಮೈಸೂರು ಸಂಸ್ಥಾನದ ಖಜಾನೆಗೆ ದುಡ್ಡು ಬರ್ತಿದ್ದ ದಾರಿಗಳಲ್ಲಿ ನಮ್ಮ ಗಣಿ ಒಂದು ಮುಖ್ಯ ದಾರಿ. ಲವೆಲ್ ಅನ್ನೋನು ಮೈಸೂರು ಸರ್ಕಾರದ ಹತ್ರ ಇಲ್ಲಿ ಅಗೆಯೋ ಹಕ್ಕು ಕೇಳಿದ್ದು 1873ರಲ್ಲಿ. 1880ರಿಂದೀಚೆಗೆ ಜಾನ್ ಟೇಲರ್ ಕಂಪನಿ ಬಂತು. ನಮ್ಮೂರಿಗೆ ಆವಾಗ ಬೌರಿಂಗ್‌ಪೇಟೆ ಅಂತಿದ್ರು. ಇಲ್ಲಿಂದ ಮಾರಿಕುಪ್ಪಂ ಕಡೆಗೆ ರೈಲು ಹಾಕಿದ್ದು 1894ರಲ್ಲಿ, ಗಣಿಗೋಸ್ಕರಾನೇ. ತೆಗೆದ ಚಿನ್ನ ಲಂಡನ್ನಿಗೆ ಹೋಗ್ತಿತ್ತು. ಅದರ ಬೆಲೆಯಲ್ಲಿ ನೂರಕ್ಕೆ 5ರಂತೆ ರಾಜಧನ ಮೈಸೂರು ಸರ್ಕಾರಕ್ಕೆ ಬರ್ತಿತ್ತು. ಖಜಾನೆ ಅಂದ್ರೆ ಮನೆಯ ಸಾಸಿವೆ ಡಬ್ಬಿ ಇದ್ದಂಗೆ. ಹಾಲು ಮಾರಿದ ದುಡ್ಡೂ ಅದಕ್ಕೇ, ಟೊಮೇಟೊ ಮಾರಿದ ದುಡ್ಡೂ ಅದಕ್ಕೇ. ಮಗಳಿಗೆ ಓಲೆ ಮಾಡಿಸಿದ್ದು ಯಾವ ನೋಟಲ್ಲಿ ಅಂತ ಯಾರೂ ಬೇರೆ ಮಾಡಿ ಹೇಳೋದಿಲ್ಲ, ಆದ್ರೆ ಡಬ್ಬಿ ತುಂಬಿಸಿದ್ದು ಯಾರು ಅಂತ ಮನೆಯವ್ರಿಗೆ ಗೊತ್ತಿರತ್ತೆ. ಆ ನವಿಲಿನ ಸೂರು ಎದ್ದಿದ್ದು ಅಂಥಾ ಡಬ್ಬಿಯಿಂದ. ಅದ್ರಲ್ಲಿ ನಮ್ಮೂರಿನ ಪಾಲೂ ಐತೆ.

ದುಡ್ಡಿನ ಮಾತು ಅಷ್ಟಾಯ್ತು. ಇನ್ನು ಬೆಳಕಿನ ಮಾತು. ಅರಮನೆಗೆ ಭಾನುವಾರ, ದಸರಾದಲ್ಲಿ ಹಾಕೋ ಬಲ್ಬು ಹತ್ತಿರ ಹತ್ತಿರ ಒಂದು ಲಕ್ಷ. ನಾವು ಹೋಗಿದ್ದು ಭಾನುವಾರ, ಸಂಜೆ ಒಂದೇ ಸಲಕ್ಕೆ ಹತ್ತಿಕೊಂಡಾಗ ಮಕ್ಕಳು ಕಿರುಚಿದ್ದೇ ಕಿರುಚಿದ್ದು. ಆದ್ರೆ ಮೈಸೂರು ಸೀಮೆಗೆ ಕರೆಂಟು ಬಂದಿದ್ದು ಅರಮನೆಗೋಸ್ಕರ ಅಲ್ಲ, ಬೆಂಗಳೂರಿಗೋಸ್ಕರನೂ ಅಲ್ಲ, ನಮ್ಮ ಗಣಿಗೋಸ್ಕರ. ದಿವಾನ್ ಶೇಷಾದ್ರಿ ಅಯ್ಯರ್ ಯೋಜನೆ ಹಾಕಿದ್ರು, ಜೋಲಿ ಡಿ ಲಾಟ್ಬಿನಿಯರ್ ಅನ್ನೋ ಎಂಜಿನಿಯರ್ ನಿಂತು ಮಾಡಿಸಿದ್ರು. ಶಿವನಸಮುದ್ರದಲ್ಲಿ ಕಾವೇರಿ ನೀರಿಂದ ಕರೆಂಟು ಮಾಡಿ, 92 ಮೈಲಿ ಅಂದ್ರೆ ಸುಮಾರು 148 ಕಿಲೋಮೀಟರ್ ದೂರ ತಂತಿ ಎಳೆದು, 1902ರ ಜೂನ್ 30ಕ್ಕೆ ಕೆ.ಜಿ.ಎಫ್.ಗೆ ತಲುಪಿಸಿದ್ರು. ಆವಾಗ ಪ್ರಪಂಚದಲ್ಲಿದ್ದ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಅದಾಗಿ ಮೂರು ವರ್ಷಕ್ಕೆ, 1905ರ ಆಗಸ್ಟಲ್ಲಿ. ಇನ್ನೊಂದು ವಿಷ್ಯ ಗಮನಿಸಿ. 1902ರ ಜೂನಲ್ಲಿ ರಾಜ್ಯಭಾರ ಇನ್ನೂ ಮಹಾರಾಣಿಯವರ ಕೈಯಲ್ಲೇ ಇತ್ತು, ಮಗನಿಗೆ ಪಟ್ಟದ ಅಧಿಕಾರ ಸಿಕ್ಕಿದ್ದು ಆಗಸ್ಟಲ್ಲಿ. ಹೊಸ ಅರಮನೆ ಕೆಲ್ಸ ಶುರುವಾಗಿದ್ದು, ಗಣಿಗೆ ಕರೆಂಟು ಬಂದಿದ್ದು, ಎರಡೂ ಒಬ್ಬ ಹೆಣ್ಣುಮಗಳು ರಾಜ್ಯ ನೋಡ್ಕೊಳ್ತಿದ್ದ ಕಾಲದಲ್ಲಿ.

ಅದಕ್ಕೇ ವಾಪಸ್ ಬರೋವಾಗ ಶಿವನಸಮುದ್ರ ದಾರಿ ಹಿಡೀಬೇಕು ಅಂತ ನಾನು ಹಟ ಮಾಡಿದ್ದು. ಗಗನಚುಕ್ಕಿ ಜಲಪಾತ ನೋಡಿದ್ವಿ. ಆ ಕಾಲದಲ್ಲಿ ಹಡಗಲ್ಲಿ ಬಂದ ಯಂತ್ರಗಳನ್ನ ಮದ್ದೂರು ರೈಲು ಸ್ಟೇಷನ್ನಿಂದ ಆನೆ, ಎತ್ತಿನ ಗಾಡಿ ಕಟ್ಟಿ ಇಲ್ಲಿಗೆ ಎಳೆಸಿದ್ರು. ಆ ರಾತ್ರಿ ತೋಟದಲ್ಲಿ ಟೆಂಟ್ ಹಾಕಿ, ಮುದ್ದೆ, ಹುರುಳಿಕಾಳು ಬಸ್ಸಾರು ಮಾಡ್ಕೊಂಡು ಉಂಡ್ವಿ. ಬ್ಯಾಟರಿ ದೀಪ ಸುತ್ತ ಕೂತಿದ್ದಾಗ ನಮ್ಮತ್ತೆ ಹೇಳ್ತಿದ್ದ ಮಾತು ನೆನಪಾಯ್ತು. ಅವರು ಮದುವೆ ಆಗಿ ಬಂದಾಗ ಊರ ಹೊಲದ ಮೇಲೆ ಗಣಿಗೆ ಹೋಗೋ ಕರೆಂಟಿನ ತಂತಿ ಹಾದು ಹೋಗ್ತಿತ್ತಂತೆ. ಮನೆಯೊಳಗೆ ಮಾತ್ರ ಲಾಂದ್ರ. ದಿನಾ ಸಂಜೆ ದೀಪ ಹಚ್ಚೋಕೆ ಮುಂಚೆ ಲಾಂದ್ರದ ಗಾಜನ್ನ ಒಲೆ ಬೂದಿ ಹಾಕಿ, ಹಳೇ ಬಟ್ಟೆಯಲ್ಲಿ ಒರೆಸೋದು ಸೊಸೆ ಕೆಲ್ಸ. ಒಡೆದ್ರೆ ಸಂತೆ ತನಕ ಬುಡ್ಡಿದೀಪವೇ ಗತಿ. ನಮ್ಮ ಮನೆತನದ ಹೆಂಗಸರು ಮುಟ್ಟಿದ ಗಾಜು ಅಂದ್ರೆ ಲಾಂದ್ರದ ಗಾಜು, ದೇವರ ಪಟದ ಗಾಜು, ಸೀಮಂತದ ಹಸಿರು ಬಳೆ. ನವಿಲಿನ ಗಾಜು ಬೇರೆಯವರ ಸೂರಲ್ಲಿತ್ತು.

ಇನ್ನೊಂದು ಮಾತು ಹೇಳದೇ ಹೋದ್ರೆ ಚರಿತ್ರೆ ಅರ್ಧ ಆಗತ್ತೆ. ಗಾಜು ಮಾಡೋದು ಮರಳಿಂದ. ಮರಳಲ್ಲಿರೋ ಮುಖ್ಯ ಸಾರ ಸಿಲಿಕಾ. ಅದಕ್ಕೆ ಸೋಡ, ಸುಣ್ಣ ಬೆರೆಸಿ ಕುದಿಸಿದ್ರೆ ಗಾಜು. ನಮ್ಮ ಗಣಿಯಲ್ಲಿ ಚಿನ್ನ ಸಿಗ್ತಿದ್ದಿದ್ದು ಬೆಣಚುಕಲ್ಲಿನ ಪದರದಲ್ಲಿ. ಬೆಣಚುಕಲ್ಲು ಅಂದ್ರೂ ಅದೇ ಸಿಲಿಕಾ. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು, ಆ ಕಲ್ಲು ಕೊರೆದು, ಸಿಡಿಸಿ, ಮೇಲೆ ತಂದು ಹಿಟ್ಟಿನ ಹಂಗೆ ಪುಡಿ ಮಾಡಿದ್ರೆ ಕೊನೆ ಕಾಲದಲ್ಲಿ ಒಂದು ಟನ್ನಿಗೆ ಬೆರಳಲ್ಲಿ ಎಣಿಸೋಷ್ಟು ಗ್ರಾಂ ಚಿನ್ನ ಸಿಗ್ತಿತ್ತು. ಮಿಕ್ಕ ಪುಡಿ ಎಲ್ಲಾ ಸೈನೈಡ್ ದಿಬ್ಬ ಆಗಿ ನಿಂತೈತಲ್ಲ, ಅದೇ. ಗಾಳಿ ಬೀಸಿದ ದಿನ ಒಣಹಾಕಿದ ಬಟ್ಟೆ ಒಳಗೆ ತಗೋತೀವಲ್ಲ, ಅದೇ ಪುಡಿ.

ಕುಲುಮೆಗೆ ಹೋದ್ರೆ ಸಿಲಿಕಾ ಗಾಜಾಗತ್ತೆ. ಮನುಷ್ಯನ ಎದೆಯೊಳಗೆ ಹೋದ್ರೆ ಸಿಲಿಕೋಸಿಸ್ ಆಗತ್ತೆ. ಶ್ವಾಸಕೋಶ ಗಟ್ಟಿ ಆಗ್ತಾ ಹೋಗತ್ತೆ, ವಾಸಿ ಆಗೋದಿಲ್ಲ. ಇಂಡಿಯಾದಲ್ಲಿ ಈ ಕಾಯಿಲೆ ಮೊದ್ಲು ದೊಡ್ಡದಾಗಿ ಲೆಕ್ಕಕ್ಕೆ ಸಿಕ್ಕಿದ್ದೇ ನಮ್ಮಲ್ಲಿ. 1940ರ ದಶಕದಲ್ಲಿ 7 ಸಾವಿರಕ್ಕೂ ಹೆಚ್ಚು ಗಣಿ ಕೆಲಸಗಾರರನ್ನ ಪರೀಕ್ಷೆ ಮಾಡಿದಾಗ ನೂರಕ್ಕೆ 40ಕ್ಕಿಂತ ಹೆಚ್ಚು ಜನರಿಗೆ ಅದು ಇತ್ತು. ಉತ್ತರ ಆರ್ಕಾಟಿಂದ ಬಂದ ತಮಿಳರು, ಚಿತ್ತೂರು ಕಡೆಯಿಂದ ಬಂದ ತೆಲುಗರು, ನಮ್ಮ ಸುತ್ತಮುತ್ತ ಹಳ್ಳಿಯ ಕನ್ನಡದವರು, ಎಲ್ರ ಮನೆಯಲ್ಲೂ ಒಂದೇ ಕೆಮ್ಮು. ನಮ್ಮ ಮಾವನೋರು ರಾತ್ರಿ ಮಲಗೋಕೆ ಆಗದೆ ಗೋಡೆಗೆ ದಿಂಬು ಒರಗಿಸಿ ಕೂತಿರ್ತಿದ್ರು. ಸೊಸೆಯಾಗಿ ಬಂದ ಹೊಸದ್ರಲ್ಲಿ ನನಗೆ ಆ ಸದ್ದಿಗೆ ಎಚ್ಚರ ಆಗ್ತಿತ್ತು. ಆಮೇಲಾಮೇಲೆ ಸದ್ದು ನಿಂತ್ರೆ ಎಚ್ಚರ ಆಗೋಕೆ ಶುರುವಾಯ್ತು. ನಿಮ್ಮಲ್ಲಿ ಸುಮಾರು ಜನಕ್ಕೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಹಂಗಂತ ಅರಮನೆ ನೋಡಿ ಹೊಟ್ಟೆಕಿಚ್ಚು ಪಡಿ ಅಂತ ಹೇಳ್ತಿಲ್ಲ. ಚೆನ್ನಾಗಿರೋದು ಚೆನ್ನಾಗೇ ಐತೆ. ನಾದಿನಿ ಮಗಳಿಗೆ ನಾನು ಹೇಳಿದ್ದಿಷ್ಟೇ. ನೂರಿಪ್ಪತ್ತು ವರ್ಷದಲ್ಲಿ ನಮ್ಮ ನೆಲದಿಂದ ಸುಮಾರು 800 ಟನ್ ಚಿನ್ನ ಹೋಯ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ್ರು. ಗಣಿ ಮುಚ್ಚಿತು ಅಂತ ಆ ಲೆಕ್ಕ ಮುಚ್ಚಿ ಹೋಗೋದಿಲ್ಲ. ಹಾಳುಬಿದ್ದಿರೋ ಊರು ಅನ್ನೋರಿಗೆ, ಕೊಟ್ಟು ಖಾಲಿಯಾಗಿರೋ ಊರು ಅಂತ ಹೇಳು. ಕಾಲೇಜಲ್ಲಿ ಯಾರಾದ್ರೂ ಕೇಳಿದ್ರೆ ಬೆಂಗಳೂರಿಗಿಂತ ಮೂರು ವರ್ಷ ಮುಂಚೆ ಕರೆಂಟು ಕಂಡ ಊರು ನಮ್ದು ಅನ್ನು. ಅವಳು ಏನೂ ಮಾತಾಡ್ಲಿಲ್ಲ. ಆದ್ರೆ ಆ ರಾತ್ರಿ ಮೊಬೈಲಲ್ಲಿ ಹಾಕಿದ ನವಿಲಿನ ಫೋಟೊ ಕೆಳಗೆ ಊರಿನ ಹೆಸ್ರು ಕೆ.ಜಿ.ಎಫ್. ಅಂತಾನೇ ಬರೆದಿದ್ಲು.

ನೀವೂ ಮಕ್ಕಳನ್ನ ಕರ್ಕೊಂಡು ಹೋಗೋರಿದ್ರೆ ಕೆಲವು ಮಾತು. ಭಾನುವಾರ ಹೋದ್ರೆ ಜನ ಜಾಸ್ತಿ, ಆದ್ರೆ ಸಂಜೆ ದೀಪ ನೋಡ್ಬೋದು. ಕಲ್ಯಾಣ ಮಂಟಪಕ್ಕೆ ಬಿಸಿಲು ಚೆನ್ನಾಗಿರೋ ಹೊತ್ತಲ್ಲಿ ಹೋಗಿ, ಬಣ್ಣದ ಗಾಜು ಹಿಂದಿಂದ ಬೆಳಕು ಬಿದ್ರೇನೇ ಅರಳೋದು. ಚಪ್ಪಲಿ ಹೊರಗೆ ಬಿಡ್ಬೇಕು, ವಯಸ್ಸಾದೋರು ಸಾಕ್ಸ್ ಇಟ್ಕೊಳ್ಳಿ, ನೆಲ ತಣ್ಣಗಿರತ್ತೆ. ಮಂಟಪದ ನಡುವೆ ನಿಂತು ಮೊದ್ಲು ಕೆಳಗಿನ ನವಿಲು ನೋಡಿ, ಆಮೇಲೆ ಮೇಲಿನ ನವಿಲು. ಮಕ್ಕಳು ಕೆಂಪು ಹೆಂಗ್ ಬಂತು, ನೀಲಿ ಹೆಂಗ್ ಬಂತು ಅಂತ ಕೇಳಿದ್ರೆ ಲೋಹದ ಕತೆ ಹೇಳಿ, ಬಂಗಾರದ ಕೆಂಪನ್ನ ಮರೀಬೇಡಿ. ವಾಪಸ್ ಬರ್ತಾ ಶಿವನಸಮುದ್ರ ತೋರಿಸಿ. ಊರಿಗೆ ಬಂದ ಮೇಲೆ, ಮನೆಯಲ್ಲಿ ಗಣಿಗೆ ಇಳಿದಿದ್ದೋರು ಯಾರಾದ್ರೂ ಇನ್ನೂ ಇದ್ರೆ, ಪಕ್ಕದಲ್ಲಿ ಕೂತು ಒಳಗೆ ಹೆಂಗಿತ್ತು ಅಂತ ಕೇಳಿ ಬರೆದಿಡಿ. ಅರಮನೆಯ ಲೆಕ್ಕ ಅರಮನೆಯವರು ಬರೆದಿಟ್ಟವ್ರೆ, ರೂಪಾಯಿಗೆ ರೂಪಾಯಿ. ನಮ್ಮ ಮನೆಗಳ ಲೆಕ್ಕ ನಾವೇ ಬರ್ಕೋಬೇಕು.